ಬೆಂಗಳೂರು-3 ಎಂದರೆ ಸಾಕೇ? — ಓದುಗರ ಜಾಲ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಹೆಸರು ಟೈಪ್ ಮಾಡಿದರೆ ಯಂತ್ರ ಸಿಗುವುದಿಲ್ಲ, ಇಲ್ಲವೇ ಬೇರೊಂದು ಯಂತ್ರ ಸಿಗುತ್ತದೆ. ಬೆಂಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದ ಜಾಲವನ್ನು 22 ವರ್ಷ ನೋಡಿಕೊಂಡವಳು ನಾನು. ಆ ಕೆಲಸದಲ್ಲಿ ಕೆಟ್ಟು ನಿಂತ ಯಂತ್ರಗಳಿಗಿಂತ ಹೆಚ್ಚು ಹೊತ್ತನ್ನು ತಪ್ಪು ವಿಳಾಸಗಳೇ ತಿಂದವು. ಹಾಗಾಗಿ ಈ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಲ್ಯಾಬಿನಲ್ಲಿ ಸೀನಿಯರ್ ಒಬ್ಬರು ‘ಪಿಂಗ್ 127.1’ ಎಂದು ಕೊಟ್ಟರು. 127.0.0.1ರಿಂದ ಉತ್ತರ ಬಂತು. ಐಪಿ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು ಇರಲೇಬೇಕು ಎಂದು ಪಠ್ಯದಲ್ಲಿದೆ. ಎರಡೇ ಸಂಖ್ಯೆ ಕೊಟ್ಟರೂ ಕಂಪ್ಯೂಟರ್ ಏಕೆ ಒಪ್ಪಿತು? ಪರೀಕ್ಷೆಯಲ್ಲಿ ಹೀಗೆ ಬರೆಯಬಹುದೇ?
— ಡಿಪ್ಲೊಮಾ ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಪರೀಕ್ಷೆಯಲ್ಲಿ ನಾಲ್ಕನ್ನೂ ಬರೆಯಿರಿ. ಆದರೆ ನಿಮ್ಮ ಸೀನಿಯರ್ ಮಾಡಿದ್ದು ತಪ್ಪಲ್ಲ. ಅವರು ಹಳೆಯದೊಂದು ಸಂಕ್ಷೇಪವನ್ನು ಬಳಸಿದ್ದಾರೆ. ಪಿಂಗ್ ಎಂದರೆ ಒಂದು ಯಂತ್ರವನ್ನು ‘ಇದ್ದೀಯಾ?’ ಎಂದು ಕೇಳುವ ಆದೇಶ, 127.0.0.1 ಎಂದರೆ ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ.

ನನ್ನ ತಂದೆ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದ ಕಾಗದಗಳ ಮೇಲೆ ‘ಮಲ್ಲೇಶ್ವರ, ಬೆಂಗಳೂರು-3’ ಎಂದಷ್ಟೇ ಇರುತ್ತಿತ್ತು. ತಂದೆಯವರ ಕಣ್ಣಿಗೆ ಅದು 560003. ಬಸವನಗುಡಿಯ ‘ಬೆಂಗಳೂರು-4’ 560004, ಜಯನಗರದ ‘ಬೆಂಗಳೂರು-11’ 560011. ಊರಿನ ಭಾಗ ಮೊದಲಿಗೆ, ಕೊನೆಯ ಸಂಖ್ಯೆ ಬಲತುದಿಗೆ, ನಡುವೆ ಖಾಲಿ ಉಳಿದ ಜಾಗಕ್ಕೆ ಸೊನ್ನೆ. 127.1 ಕೂಡ ಹೀಗೆಯೇ ಬಿಡಿಸಿಕೊಳ್ಳುತ್ತದೆ.

ಇಂಥ ಐಪಿ ವಿಳಾಸದ ಒಳಗಿರುವುದು 32 ಬಿಟ್‌ಗಳ, ಅಂದರೆ 0 ಅಥವಾ 1 ಎಂಬ 32 ಅಂಕಿಗಳ, ಒಂದೇ ಒಂದು ಸಂಖ್ಯೆ. ನಾಲ್ಕು ತುಂಡು ಮಾಡಿ ನಡುವೆ ಚುಕ್ಕೆ ಇಡುವುದು ನಮ್ಮ ಓದಿನ ಅನುಕೂಲಕ್ಕೆ. 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಬಂದ 4.2 ಬಿಎಸ್‌ಡಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ಬರಹವನ್ನು ಬಿಡಿಸುವ ಒಂದು ಸಣ್ಣ ಕಾರ್ಯಭಾಗವಿತ್ತು. ಅದರ ನಿಯಮ ಇದು: ಮೊದಲ ಸಂಖ್ಯೆಗಳು ಒಂದೊಂದೂ 8 ಬಿಟ್ ತೆಗೆದುಕೊಳ್ಳುತ್ತವೆ, ಕೊನೆಯದು ಮಿಕ್ಕಿದ್ದನ್ನೆಲ್ಲ ತೆಗೆದುಕೊಳ್ಳುತ್ತದೆ. 127.1ರಲ್ಲಿ 127ಕ್ಕೆ 8 ಬಿಟ್ ಹೋದರೆ, 1ಕ್ಕೆ ಉಳಿದ 24 ಬಿಟ್‌ಗಳೂ ಸೇರುತ್ತವೆ. ಆದ್ದರಿಂದ ಅದು 127.0.0.1.

ಇಂಥ ನಿಯಮಕ್ಕೆ ಆಗ ಕಾರಣವಿತ್ತು. ಜಾಲಗಳನ್ನು ಎ, ಬಿ, ಸಿ ಎಂಬ ವರ್ಗಗಳಾಗಿ ಹಂಚುತ್ತಿದ್ದ ಕಾಲ ಅದು. ಎ ವರ್ಗದಲ್ಲಿ ಮೊದಲ ಸಂಖ್ಯೆ ಜಾಲದ್ದು, ಉಳಿದ 24 ಬಿಟ್ ಯಂತ್ರದ್ದು. ‘10.5’ ಎಂದರೆ ಹತ್ತನೆಯ ಜಾಲದ ಐದನೆಯ ಯಂತ್ರ. ಹಾಗೆ ಓದುವುದೇ ಸಹಜವಾಗಿತ್ತು. ಬಿ ವರ್ಗಕ್ಕೆಂದು ಮೂರು ಸಂಖ್ಯೆಯ ರೂಪವನ್ನು ಇಟ್ಟಿದ್ದರು. 1993ರಲ್ಲಿ ವರ್ಗಗಳ ಪದ್ಧತಿಯನ್ನು ಕೈಬಿಟ್ಟು ಓರೆಗೆರೆಯ ಪದ್ಧತಿ (/24 ಎಂಬಂತೆ ಬರೆಯುವುದು, ಮುಂದಿನ ಪ್ರಶ್ನೆಯಲ್ಲಿ ವಿವರಿಸಿದ್ದೇನೆ) ಬಂತು, ಬರೆಯುವ ರೂಢಿ ಮಾತ್ರ ಉಳಿಯಿತು. ಇಂದಿನ ಬ್ರೌಸರುಗಳೂ ಅದನ್ನು ಒಪ್ಪುತ್ತವೆ. ವಿಳಾಸಪಟ್ಟಿಯಲ್ಲಿ 2130706433 ಎಂದು ಒಂದೇ ಸಂಖ್ಯೆಯನ್ನು ಕೊಟ್ಟು ನೋಡಿ, ಅದೂ 127.0.0.1ಕ್ಕೇ ಹೋಗುತ್ತದೆ.

ಮೂರು ಸಂಖ್ಯೆಯ ರೂಪದಲ್ಲಿ ಜನ ಎಡವುತ್ತಾರೆ. ರೂಟರ್ ಪುಟ ತೆರೆಯಲು ಅವಸರದಲ್ಲಿ 192.168.1 ಎಂದು ಹೊಡೆದು ಎಂಟರ್ ಒತ್ತಿದರೆ ನೀವು 192.168.1.1ಕ್ಕೆ ಹೋಗುವುದಿಲ್ಲ. ಕೊನೆಯ 1 ಉಳಿದ 16 ಬಿಟ್ಟನ್ನೂ ತಾನೇ ತೆಗೆದುಕೊಳ್ಳುವುದರಿಂದ 192.168.0.1ಕ್ಕೆ ಹೋಗುತ್ತೀರಿ. ಮನೆಯಲ್ಲಿ ಎರಡು ಪೆಟ್ಟಿಗೆಗಳಿದ್ದು, ಒಂದಕ್ಕೆ ಆ ವಿಳಾಸವಿದ್ದರೆ ಅದರ ಲಾಗಿನ್ ಪುಟ ಬಂದು ನಿಲ್ಲುತ್ತದೆ. ‘ಪಾಸ್‌ವರ್ಡ್ ಸರಿಯಿದ್ದರೂ ತೆಗೆದುಕೊಳ್ಳುತ್ತಿಲ್ಲ’ ಎಂದು ನನಗೆ ಬಂದ ದೂರುಗಳಲ್ಲಿ ಕೆಲವು ಹೀಗೆ ಆದವೇ. ಸಂಕ್ಷೇಪದಲ್ಲಿಯೇ 192.168.1.1 ಬೇಕಾದರೆ 192.168.257 ಎಂದು ಬರೆಯಬೇಕು, ಏಕೆಂದರೆ 257 ಎಂದರೆ 256ರ ಮೇಲೆ ಒಂದು. ಅದನ್ನು ಯಾರೂ ಬರೆಯುವುದು ಬೇಡ.

ಇನ್ನೂ ದೊಡ್ಡ ಅಪಾಯ ಎಡಗಡೆಯ ಸೊನ್ನೆಯದು. ಇದನ್ನು ನಾನು ಕಲಿತದ್ದು ಎರಡು ದಿನ ಕಳೆದುಕೊಂಡು. 2006ರ ಬೇಸಿಗೆ ರಜೆಯಲ್ಲಿ ಪ್ರಯೋಗಾಲಯದ ಎಲ್ಲ ವಿಳಾಸಗಳನ್ನು ಹೊಸ ರಿಜಿಸ್ಟರಿಗೆ ಏರಿಸಿದೆ. ಸಾಲುಗಳು ನೇರವಾಗಿ ಕಾಣಲಿ ಎಂದು ಪ್ರತಿ ಸಂಖ್ಯೆಯನ್ನೂ ಮೂರು ಅಂಕಿಗಳಲ್ಲಿ ಬರೆದೆ. 192.168.10.21 ನನ್ನ ರಿಜಿಸ್ಟರಿನಲ್ಲಿ 192.168.010.021 ಆಯಿತು. ಜೂನ್‌ನಲ್ಲಿ ಹೊಸದಾಗಿ ಸೇರಿದ ಸಹಾಯಕಿ ರಿಜಿಸ್ಟರಿನಲ್ಲಿ ಇದ್ದುದನ್ನು ಇದ್ದ ಹಾಗೆಯೇ ಲಿನಕ್ಸ್ ಯಂತ್ರದಲ್ಲಿ ಟೈಪ್ ಮಾಡಿ ಪಿಂಗ್ ಕೊಟ್ಟಳು. ಉತ್ತರ ಬಂತು. ‘ಯಂತ್ರ ಚೆನ್ನಾಗಿದೆ ಮೇಡಂ’ ಎಂದಳು. ಆದರೆ ಆ ಯಂತ್ರದಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಜಾಲವೇ ಇರಲಿಲ್ಲ. ಕೇಬಲ್ ಬದಲಿಸಿದೆವು, ಸ್ವಿಚ್ಚಿನ ಪೋರ್ಟ್ ಬದಲಿಸಿದೆವು, ಎಸ್.ಪಿ. ರಸ್ತೆಗೆ ಹೋಗಿ ಹೊಸ ನೆಟ್‌ವರ್ಕ್ ಕಾರ್ಡ್ ತಂದೆವು.

ಎರಡನೆಯ ದಿನ ಸಂಜೆ ಪಿಂಗ್‌ನ ಉತ್ತರದ ಸಾಲನ್ನು ಪೂರ್ತಿ ಓದಿದೆ. ಉತ್ತರ ಬರುತ್ತಿದ್ದದ್ದು 192.168.8.17ರಿಂದ. ಅದು ಗ್ರಂಥಾಲಯದ ಯಂತ್ರ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಆ ಹಳೆಯ ನಿಯಮ ಎಂಟರ ಆಧಾರದಲ್ಲಿ ಓದುತ್ತದೆ. 010 ಎಂದರೆ 8. 021 ಎಂದರೆ ಎರಡು ಎಂಟು ಹದಿನಾರು, ಮೇಲೊಂದು, 17. ನನ್ನ ಅಂದವಾದ ರಿಜಿಸ್ಟರ್ ಬೇರೆ ಕಟ್ಟಡದ ಯಂತ್ರವನ್ನು ತೋರಿಸುತ್ತಿತ್ತು. ನಾನು ಆ ಹುಡುಗಿಯ ಕ್ಷಮೆ ಕೇಳಿದೆ, ಆ ರಾತ್ರಿಯೇ ಎಲ್ಲ ಪುಟಗಳನ್ನೂ ಮತ್ತೆ ಬರೆದೆ. 008 ಅಥವಾ 009 ಎಂದು ಬರೆದಿದ್ದ ಯಂತ್ರಗಳು ಪುಣ್ಯಕ್ಕೆ ಬೇಗ ಸಿಕ್ಕಿಬಿದ್ದವು. ಎಂಟರ ಆಧಾರದಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲವಾದ್ದರಿಂದ ಅಲ್ಲಿ ತಪ್ಪು ಉತ್ತರವಾದರೂ ಬರುವಂತಿರಲಿಲ್ಲ.

ಎಲ್ಲ ತಂತ್ರಾಂಶಗಳೂ ಈ ರೂಢಿಯನ್ನು ಪಾಲಿಸುವುದಿಲ್ಲ ಎನ್ನುವುದು ಸಮಸ್ಯೆಯ ಇನ್ನೊಂದು ಮುಖ. ಹೊಸ ಕಾರ್ಯಭಾಗಗಳು ನಾಲ್ಕು ಸಂಖ್ಯೆಗಳಿಲ್ಲದಿದ್ದರೆ ‘ಇದು ವಿಳಾಸವಲ್ಲ’ ಎನ್ನುತ್ತವೆ. ಪೈಥಾನ್ ಭಾಷೆಯ ಐಪಿ ವಿಳಾಸದ ಮಾಡ್ಯೂಲ್ ಒಂದಷ್ಟು ಕಾಲ ಎಡಗಡೆಯ ಸೊನ್ನೆಗಳನ್ನು ಸುಮ್ಮನೆ ಬಿಟ್ಟುಬಿಡುತ್ತಿತ್ತು. 010ನ್ನು ಅದು 10 ಎಂದು ಓದಿದರೆ, ಪಕ್ಕದ ಇನ್ನೊಂದು ತಂತ್ರಾಂಶ 8 ಎಂದು ಓದುತ್ತಿತ್ತು. ಭದ್ರತೆಯ ದೋಷವೆಂದು ದಾಖಲಾಗಿ, 2021ರಲ್ಲಿ ಬಂದ 3.9.5 ಆವೃತ್ತಿಯಿಂದ ಅಂಥ ವಿಳಾಸಗಳನ್ನು ಅದು ತಿರಸ್ಕರಿಸುತ್ತದೆ. ಇದು ಬರಿಯ ಕಾಗುಣಿತದ ವಿಷಯವಲ್ಲ. ‘127.0.0.1 ಎಂದು ಬರೆದಿದ್ದರೆ ಒಳಗೆ ಬಿಡಬೇಡ’ ಎಂದು ಅಕ್ಷರ ಹೋಲಿಸಿ ಕಾಯುವ ತಂತ್ರಾಂಶದ ಮುಂದೆ ಯಾರಾದರೂ 127.1 ಎಂದೋ 0177.0.0.1 ಎಂದೋ ಬರೆದು ಕೊಟ್ಟರೆ ಬಾಗಿಲು ತೆರೆಯುತ್ತದೆ. ನೀವು ಮುಂದೆ ತಂತ್ರಾಂಶ ಬರೆಯುವವರಾದರೆ, ವಿಳಾಸವನ್ನು ಮೊದಲು ಸಂಖ್ಯೆಯಾಗಿ ಬಿಡಿಸಿ, ಆಮೇಲೆ ಹೋಲಿಸಿ.

ನಿಮ್ಮ ಬೆರಳಿನ ಕೆಲಸಕ್ಕೆ 127.1 ಬಳಸಿ, ನಾನೂ ಬಳಸುತ್ತೇನೆ. ಇನ್ನೊಬ್ಬರು ಓದುವ ಕಡೆ, ಅಂದರೆ ರಿಜಿಸ್ಟರಿನಲ್ಲಿ, ಸೆಟ್ಟಿಂಗ್ ಕಡತದಲ್ಲಿ, ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲಿ, ನಾಲ್ಕು ಸಂಖ್ಯೆಗಳನ್ನೂ ಎಡಗಡೆ ಸೊನ್ನೆ ಸೇರಿಸದೆ ಬರೆಯಿರಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕ್ಯಾಮೆರಾ ಗುತ್ತಿಗೆದಾರರು ‘192.168.11.0/24 ಸಾಲುವುದಿಲ್ಲ, /23 ಮಾಡಬೇಕು’ ಎನ್ನುತ್ತಿದ್ದಾರೆ. 24 ಸಾಲದಿದ್ದರೆ 23 ಹೇಗೆ ಸಾಕಾಗುತ್ತದೆ? ಇಂಟರ್‌ಕಾಮ್‌ನವರು ಆಗಲೇ 192.168.10 ಸರಣಿಯನ್ನು ಬಳಸುತ್ತಿದ್ದಾರೆ.
— ಸಂಘದ ಕಾರ್ಯದರ್ಶಿ, ಕನಕಪುರ ರಸ್ತೆ

ಉತ್ತರ: ಇಂಟರ್‌ಕಾಮ್ ವಿಷಯ ಬರೆದಿರುವುದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನೂ ‘ಮಾಡಿಸಿ’ ಎಂದುಬಿಡುತ್ತಿದ್ದೆ.

ಓರೆಗೆರೆಯ ನಂತರದ ಸಂಖ್ಯೆ ಹೇಳುವುದು 32 ಬಿಟ್‌ಗಳಲ್ಲಿ ಎಷ್ಟು ಬಿಟ್ ಅಲುಗದಂತೆ ನಿಂತಿವೆ ಎಂಬುದನ್ನು. 24 ನಿಂತರೆ 8 ಉಳಿಯುತ್ತವೆ, 256 ವಿಳಾಸಗಳು. ಅವುಗಳಲ್ಲಿ ಮೊದಲನೆಯದು ಜಾಲದ್ದು, ಕೊನೆಯದು ಎಲ್ಲರಿಗೂ ಒಟ್ಟಿಗೆ ಕೂಗುವುದಕ್ಕೆ; ಯಂತ್ರಗಳಿಗೆ ಸಿಗುವುದು 254. 23 ನಿಂತರೆ 9 ಉಳಿದು 512 ವಿಳಾಸಗಳಾಗುತ್ತವೆ, ಯಂತ್ರಗಳಿಗೆ 510. ಸಂಖ್ಯೆ ಇಳಿದಷ್ಟೂ ಬಯಲು ದೊಡ್ಡದು.

ಆದರೆ /23 ಎಲ್ಲೆಂದರಲ್ಲಿ ಶುರುವಾಗುವುದಿಲ್ಲ. ಮೂರನೆಯ ಸಂಖ್ಯೆಗಳು ಜೋಡಿಯಾಗಿ ಬರುತ್ತವೆ, ಜೋಡಿ ಸಮಸಂಖ್ಯೆಯಿಂದಲೇ ಆರಂಭ: 8-9, 10-11, 12-13. ನಿಮ್ಮ 192.168.11.0ನ್ನು /23 ಮಾಡಿದ ಕೂಡಲೇ ಅದು 192.168.10.0ರಿಂದ 192.168.11.255ರವರೆಗೆ ಹರಡುತ್ತದೆ. ಅಂದರೆ ಇಂಟರ್‌ಕಾಮಿನ ಮನೆಯೊಳಗೆ ಕಾಲಿಡುತ್ತದೆ. ಕ್ಯಾಮೆರಾಗಳನ್ನು 192.168.12.0/23ಕ್ಕೆ ಸರಿಸಲು ಹೇಳಿ, ಮಾಸ್ಕ್ (/23ನ್ನೇ ಚುಕ್ಕೆಗಳಲ್ಲಿ ಬರೆದದ್ದು) 255.255.254.0 ಎಂದು ಪ್ರತಿಯೊಂದು ಕ್ಯಾಮೆರಾದಲ್ಲಿಯೂ ಬದಲಾಗಿದೆಯೇ ನೋಡಿ. ಅರ್ಧಕ್ಕೆ ಬಿಟ್ಟರೆ ಕೆಲವು ಕ್ಯಾಮೆರಾಗಳು ಮಾತ್ರ ಕಾಣಿಸುವ ವಿಚಿತ್ರ ಸ್ಥಿತಿ ಬರುತ್ತದೆ. ನಿವಾಸಿಗಳ ವೈ-ಫೈಯನ್ನು ಈ ಸರಣಿಗೆ ಸೇರಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಕ್ಯಾಮೆರಾಗಳಿಗೂ ಮನೆಯವರ ಲ್ಯಾಪ್‌ಟಾಪುಗಳಿಗೂ ಪರಸ್ಪರ ಏನೂ ಕೆಲಸವಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಮುದ್ರಣಾಲಯ. ಡಿಸೈನ್ ಮಾಡುವ ಲ್ಯಾಪ್‌ಟಾಪಿನಿಂದ ಪ್ರಿಂಟರನ್ನು ‘ಪ್ರೂಫ್.ಲೋಕಲ್’ ಎಂಬ ಹೆಸರಿನಲ್ಲಿ ತೆರೆಯುತ್ತಿದ್ದೆವು. ಕಳೆದ ತಿಂಗಳು ಇಂಟರ್‌ನೆಟ್‌ನವರು ಹೊಸ ರೂಟರ್ ಹಾಕಿ, ‘ಗೆಸ್ಟ್’ ಎಂಬ ಇನ್ನೊಂದು ವೈ-ಫೈ ಹೆಸರನ್ನೂ ಕೊಟ್ಟು ಹೋದರು. ಅಂದಿನಿಂದ ಇಂಟರ್‌ನೆಟ್ ಚೆನ್ನಾಗಿದೆ, ಪ್ರಿಂಟರ್ ಮಾತ್ರ ಸಿಗುತ್ತಿಲ್ಲ. ಕರೆಂಟ್ ಹೋಗಿ ಬಂದಾಗ ಒಮ್ಮೊಮ್ಮೆ ಅದರ ಐಪಿ ವಿಳಾಸವೂ ಬದಲಾಗುತ್ತದೆ. ಹೆಸರನ್ನು ನಂಬುವುದೋ, ಸಂಖ್ಯೆಯನ್ನೋ?
— ಮುದ್ರಕರು, ರಾಜಾಜಿನಗರ ಕೈಗಾರಿಕಾ ಬಡಾವಣೆ

ಉತ್ತರ: ಎರಡನ್ನೂ ಗಟ್ಟಿ ಮಾಡಿಕೊಳ್ಳಬೇಕು. ಮೊದಲು ಹೆಸರಿನ ವಿಷಯ.

ನಾನು ಹುಟ್ಟಿ ಬೆಳೆದದ್ದು ವಠಾರದಲ್ಲಿ. ಅಂಗಳದಲ್ಲಿ ನಿಂತು ‘ಹಾಲಿನವರು ಬಂದಿದ್ದಾರೆ, ಮೂರನೇ ಮನೆಯವರು ಯಾರು?’ ಎಂದು ಕೂಗಿದರೆ ಎಲ್ಲ ಮನೆಗಳಿಗೂ ಕೇಳುತ್ತಿತ್ತು, ಮೂರನೇ ಮನೆಯವರು ‘ಓ’ ಎನ್ನುತ್ತಿದ್ದರು. ಯಾರ ಮನೆ ಎಲ್ಲಿದೆ ಎಂಬ ಪಟ್ಟಿಯನ್ನು ಯಾರೂ ಇಟ್ಟುಕೊಂಡಿರಲಿಲ್ಲ. ‘.ಲೋಕಲ್’ ಎಂದು ಮುಗಿಯುವ ಹೆಸರುಗಳು ಹೀಗೆಯೇ ಪತ್ತೆಯಾಗುತ್ತವೆ. ನಿಮ್ಮ ಲ್ಯಾಪ್‌ಟಾಪ್ 224.0.0.251 ಎಂಬ ಸಮೂಹ ವಿಳಾಸಕ್ಕೆ, 5353ನೇ ಪೋರ್ಟಿಗೆ (ವಿಳಾಸದೊಳಗಿನ ಸಂಖ್ಯೆ ಹಾಕಿದ ಬಾಗಿಲಿಗೆ), ‘ಪ್ರೂಫ್.ಲೋಕಲ್ ಯಾರು?’ ಎಂದು ಕೂಗುತ್ತದೆ. ಪ್ರಿಂಟರ್ ತನ್ನ ಈಗಿನ ವಿಳಾಸವನ್ನು ತಾನೇ ಹೇಳುತ್ತದೆ. ಕರೆಂಟ್ ಹೋಗಿ ವಿಳಾಸ ಬದಲಾದರೂ ಹೆಸರು ಕೆಲಸ ಮಾಡುತ್ತಿದ್ದದ್ದು ಇದರಿಂದ. ಮಲ್ಟಿಕಾಸ್ಟ್ ಡಿಎನ್‌ಎಸ್ ಎಂದು ಇದರ ಹೆಸರು; ಡಿಎನ್‌ಎಸ್ ಎಂದರೆ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ. ಆಪಲ್ ಕಂಪನಿ 2002ರಲ್ಲಿ ತನ್ನ ಯಂತ್ರಗಳಲ್ಲಿ ಇದನ್ನು ತಂದಿತು. ನಂತರ ಅದನ್ನು ಬೋಂಜೂರ್ ಎಂದು ಕರೆಯಿತು. 2013ರ ಫೆಬ್ರುವರಿಯಲ್ಲಿ ಸ್ಟುವರ್ಟ್ ಚೆಶೈರ್ ಮತ್ತು ಮಾರ್ಕ್ ಕ್ರೊಕ್‌ಮಲ್ ಬರೆದ ಆರ್‌ಎಫ್‌ಸಿ 6762 ಎಂಬ ಇಂಟರ್‌ನೆಟ್ ನಿಯಮಪತ್ರ ಇದನ್ನು ಎಲ್ಲರ ನಿಯಮವಾಗಿಸಿತು. ಲಿನಕ್ಸ್‌ನಲ್ಲಿ ಅವಾಹಿ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ.

ಕೂಗು ವಠಾರದ ಗೇಟು ದಾಟುವುದಿಲ್ಲ, ಈ ಸಮೂಹ ವಿಳಾಸದ ಕೂಗನ್ನು ರೂಟರ್ ಆಚೆಗೆ ಬಿಡುವುದಿಲ್ಲ. ನಿಮ್ಮ ಪತ್ರದಲ್ಲಿ ‘ಗೆಸ್ಟ್’ ಎಂದು ಓದಿದಾಗಲೇ ನನಗೆ ಅನುಮಾನ ಬಂತು. ಅತಿಥಿ ವೈ-ಫೈ ಇರುವುದೇ ಬಂದವರು ಇಂಟರ್‌ನೆಟ್ ನೋಡಲಿ, ಒಳಗಿನ ಯಂತ್ರಗಳನ್ನು ನೋಡದಿರಲಿ ಎಂದು. ಲ್ಯಾಪ್‌ಟಾಪ್ ಗೆಸ್ಟ್ ಹೆಸರಿಗೆ ಸೇರಿಕೊಂಡು ಪ್ರಿಂಟರ್ ಮುಖ್ಯ ಹೆಸರಿನಲ್ಲಿ ಉಳಿದಿದ್ದರೆ ನಿಮಗೆ ಆಗಿರುವುದೇ ಆಗುತ್ತದೆ: ಇಂಟರ್‌ನೆಟ್ ಇದೆ, ಪ್ರಿಂಟರ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಗೆಸ್ಟ್ ಹೆಸರನ್ನು ‘ಮರೆತುಬಿಡು’ ಎಂದು ಒತ್ತಿ, ಮುಖ್ಯ ಹೆಸರಿಗೆ ಸೇರಿಸಿ.

ಆಗಲೂ ಸಿಗದಿದ್ದರೆ ಎರಡು ಕಡೆ ನೋಡಿ. ರೂಟರಿನ ವೈ-ಫೈ ಸೆಟ್ಟಿಂಗಿನಲ್ಲಿ ‘ಐಸೊಲೇಷನ್’ ಎಂಬ ಪದವಿರುವ ಗುಂಡಿ ಚಾಲೂ ಆಗಿದ್ದರೆ ಒಂದೇ ವೈ-ಫೈನಲ್ಲಿರುವ ಯಂತ್ರಗಳೂ ಪರಸ್ಪರ ಮಾತಾಡಲಾರವು. ಅದನ್ನು ಮುಖ್ಯ ಹೆಸರಿಗೆ ಮಾತ್ರ ಆಫ್ ಮಾಡಿ, ಗೆಸ್ಟ್‌ಗೆ ಇರಲಿ. ಇನ್ನೊಂದು, ಹಳೆಯ ರೂಟರನ್ನು ತೆಗೆಯದೆ ಅದರ ಹಿಂದೆ ಹೊಸದನ್ನು ಸಿಕ್ಕಿಸಿದ್ದಾರೆಯೇ ಎಂಬುದು. ಹಾಗಿದ್ದರೆ ನಿಮ್ಮ ಅಂಗಡಿಯಲ್ಲಿ ಈಗ ಎರಡು ವಠಾರಗಳಿವೆ. ಪ್ರಿಂಟರಿನ ಕೇಬಲ್ ಹಳೆಯದರಲ್ಲಿದ್ದು ಲ್ಯಾಪ್‌ಟಾಪ್ ಹೊಸದರಲ್ಲಿದ್ದರೆ ಕೂಗು ತಲುಪುವುದಿಲ್ಲ. ಹಳೆಯದನ್ನು ಬಿಚ್ಚಿ, ಅಥವಾ ಬರಿಯ ಸ್ವಿಚ್ಚಿನಂತೆ ಕೆಲಸ ಮಾಡುವ ಹಾಗೆ ಬದಲಿಸಲು ಹೇಳಿ.

ಸಂಖ್ಯೆಯ ವಿಷಯಕ್ಕೆ ಬಂದರೆ, ಪ್ರಿಂಟರಿಗೆ ವಿಳಾಸ ಕೊಡುತ್ತಿರುವುದು ರೂಟರಿನ ಡಿಎಚ್‌ಸಿಪಿ ವ್ಯವಸ್ಥೆ. ಅದು ಬಾಡಿಗೆಯ ವಿಳಾಸ, ಅವಧಿ ಮುಗಿದರೆ ಬದಲಾಗಬಹುದು. ಪ್ರಿಂಟರಿನ ಹಿಂಬದಿಯ ಚೀಟಿಯಲ್ಲಿ ಮ್ಯಾಕ್ ವಿಳಾಸ, ಅಂದರೆ ತಯಾರಕರು ಯಂತ್ರಕ್ಕೆ ಕೊಟ್ಟ ಗುರುತು, ಇರುತ್ತದೆ. ಅದನ್ನು ರೂಟರಿನ ‘ರಿಸರ್ವೇಷನ್’ ಪುಟದಲ್ಲಿ ನಮೂದಿಸಿ ಒಂದು ಐಪಿ ವಿಳಾಸಕ್ಕೆ ಕಟ್ಟಿಬಿಟ್ಟರೆ, ಕರೆಂಟ್ ಎಷ್ಟು ಸಲ ಹೋದರೂ ಅದೇ ಸಿಗುತ್ತದೆ. ಪ್ರಿಂಟರಿನ ಒಳಗೇ ಹೋಗಿ ವಿಳಾಸವನ್ನು ಕೈಯಾರೆ ಬರೆಯುವುದಕ್ಕಿಂತ ಇದು ಮೇಲು. ಹಾಗೆ ಬರೆದದ್ದು ರೂಟರಿಗೆ ತಿಳಿಯದೆ, ಅದೇ ವಿಳಾಸವನ್ನು ಗಿರಾಕಿಯ ಫೋನಿಗೆ ಕೊಟ್ಟುಬಿಡುವ ಸಾಧ್ಯತೆ ಇರುತ್ತದೆ.

ಇನ್ನೊಂದು ಪ್ರಿಂಟರ್ ತಂದಾಗ ಅದಕ್ಕೂ ‘ಪ್ರೂಫ್’ ಎಂದೇ ಹೆಸರಿಡಬೇಡಿ. ಎರಡರಲ್ಲಿ ಒಂದು ಸುಮ್ಮನೆ ‘ಪ್ರೂಫ್-2’ ಎಂದು ಬದಲಾಯಿಸಿಕೊಳ್ಳುತ್ತದೆ, ಯಾವುದು ಯಾವುದೆಂದು ನಿಮಗೆ ತಿಳಿಯುವುದಿಲ್ಲ. ಹಳೆಯ ಆಂಡ್ರಾಯ್ಡ್ ಫೋನುಗಳಿಗೆ ‘.ಲೋಕಲ್’ ಹೆಸರು ಅರ್ಥವಾಗುವುದಿಲ್ಲ. ಅಲ್ಲಿ ಸಂಖ್ಯೆಯನ್ನೇ ಬಳಸಿ.

ಪ್ರಶ್ನೆ: ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವಿಂಡೋಸ್ ಯಂತ್ರದ ಹೋಸ್ಟ್ಸ್ ಕಡತದಲ್ಲಿ ‘192.168.1.50:9000 ಲೆಡ್ಜರ್’ ಎಂದು ಸೇರಿಸಿದೆ. ಲೆಡ್ಜರ್ ಎಂಬ ಹೆಸರು ತೆರೆಯುತ್ತಿಲ್ಲ. ಎನ್‌ಎಸ್‌ಲುಕಪ್ ಕೊಟ್ಟರೂ ‘ಹೆಸರಿಲ್ಲ’ ಎನ್ನುತ್ತದೆ.
— ಗುಮಾಸ್ತರು, ಗಾಂಧಿ ಬಜಾರ್

ಉತ್ತರ: ಹೋಸ್ಟ್ಸ್ ಕಡತ ಬರಿಯ ಹೆಸರು-ವಿಳಾಸಗಳ ಪಟ್ಟಿ, ಅದಕ್ಕೆ ಪೋರ್ಟ್ ತಿಳಿಯದು. ‘:9000’ ತೆಗೆದು, ವಿಳಾಸ, ನಂತರ ಖಾಲಿ ಜಾಗ, ನಂತರ ಹೆಸರು ಎಂದಷ್ಟೇ ಬರೆಯಿರಿ. ಪೋರ್ಟನ್ನು ಬ್ರೌಸರಿನಲ್ಲಿ ಹೆಸರಿನ ನಂತರ ಸೇರಿಸಿಕೊಳ್ಳಬೇಕು.

ಇನ್ನೊಂದು ಅನುಮಾನ: ನೋಟ್‌ಪ್ಯಾಡ್ ಕಡತವನ್ನು ಉಳಿಸುವಾಗ ಹಿಂದೆ ‘.ಟಿಎಕ್ಸ್‌ಟಿ’ ಎಂಬ ಬಾಲ ಸೇರಿಸಿರಬಹುದು. ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಅಲ್ಲಿರುವ ಕಡತಕ್ಕೆ ಬಾಲ ಇರಲೇಬಾರದು. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಅಲ್ಲಿ ಉಳಿಸಲು ಬಿಡುವುದೂ ಇಲ್ಲ. ಎನ್‌ಎಸ್‌ಲುಕಪ್ ಹೇಳಿದ್ದನ್ನು ಇಲ್ಲಿ ನಂಬಬೇಡಿ. ಅದು ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಹೋಸ್ಟ್ಸ್ ಕಡತವನ್ನು ತೆರೆದೇ ನೋಡುವುದಿಲ್ಲ. ‘ಪಿಂಗ್ ಲೆಡ್ಜರ್’ ಎಂದು ಕೊಡಿ, ಆವರಣದಲ್ಲಿ 192.168.1.50 ಕಾಣಿಸಿದರೆ ಹೆಸರು ಸರಿಯಾಗಿದೆ. ಹೆಸರು ಸಿಗಲಿಲ್ಲ ಎಂದಾಗ ಯಂತ್ರ ಕೇಳಿದ್ದು ಯಾರನ್ನು ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ. ತನ್ನ ಕಡತವನ್ನೋ, ಅಂಗಳದ ಕೂಗನ್ನೋ, ದೂರದ ಸರ್ವರನ್ನೋ? ಮೂರೂ ಬೇರೆ ಬೇರೆ ಉತ್ತರ ಕೊಡಬಲ್ಲವು.

ಈ ಪುಟ್ಟ ಕಡತವನ್ನು ಕಂಡರೆ ನನಗೆ ಗೌರವ. ಒಂದು ಕಾಲಕ್ಕೆ ಇಂಟರ್‌ನೆಟ್‌ನ ಪೂರ್ವಜವಾದ ಅರ್ಪಾನೆಟ್ಟಿನ ಎಲ್ಲ ಯಂತ್ರಗಳ ಹೆಸರು-ವಿಳಾಸಗಳೂ ಇಂಥ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಸೇರಿಸಬೇಕು, ಉಳಿದವರೆಲ್ಲ ಹೊಸ ಪ್ರತಿಯನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು, ಹೆಸರಿನ ಜವಾಬ್ದಾರಿ ಹಲವರಲ್ಲಿ ಹಂಚಿಹೋಯಿತು. ನಿಮ್ಮ ಕಚೇರಿಯಲ್ಲಿ ಐದು ಯಂತ್ರಗಳಿದ್ದರೆ ಐದರಲ್ಲಿಯೂ ಈ ಸಾಲನ್ನು ಬರೆಯಬೇಕು, ಸರ್ವರಿನ ವಿಳಾಸ ಬದಲಾದ ದಿನ ಐದನ್ನೂ ತಿದ್ದಬೇಕು. ಐದಕ್ಕೆ ಪರವಾಗಿಲ್ಲ. ಹದಿನೈದಾದರೆ ರೂಟರಿನಲ್ಲಿಯೇ ಹೆಸರು ಸೇರಿಸುವ ಅವಕಾಶವಿದೆಯೇ ನೋಡಿ.

ಪ್ರಶ್ನೆ: ನನ್ನ ನೋಡ್ ಜೆಎಸ್ ತಂತ್ರಾಂಶದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಕೊಟ್ಟರೆ ಸಂಪರ್ಕ ನಿರಾಕರಿಸಲಾಗಿದೆ ಎನ್ನುತ್ತದೆ, 127.0.0.1 ಎಂದು ಕೊಟ್ಟರೆ ಕೆಲಸ ಮಾಡುತ್ತದೆ. ಎರಡೂ ಒಂದೇ ಅಲ್ಲವೇ?
— ತಂತ್ರಾಂಶ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಒಂದೇ ಅಲ್ಲ. 127.0.0.1 ಎಂಬುದು ವಿಳಾಸ, ಲೋಕಲ್‌ಹೋಸ್ಟ್ ಎಂಬುದು ಹೆಸರು. ಆ ಹೆಸರಿಗೆ ಎರಡು ವಿಳಾಸಗಳಿವೆ: ಐಪಿ ನಾಲ್ಕನೇ ಆವೃತ್ತಿಯಲ್ಲಿ 127.0.0.1, ಆರನೆಯದರಲ್ಲಿ ::1. ನಿಮ್ಮ ಸರ್ವರ್ ಮೊದಲನೆಯದರಲ್ಲಿ ಮಾತ್ರ ಕಿವಿಗೊಟ್ಟು ಕುಳಿತಿದೆ, ಕೇಳುವವರು ಎರಡನೆಯದರ ಬಾಗಿಲು ಬಡಿಯುತ್ತಿದ್ದಾರೆ. ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮೊದಲೆಲ್ಲ ನಾಲ್ಕನೇ ಆವೃತ್ತಿಯ ವಿಳಾಸವನ್ನು ಮುಂದಿಡುತ್ತಿತ್ತು. 2021ರ ಅಕ್ಟೋಬರಿನಲ್ಲಿ ಬಂದ 17ನೇ ಆವೃತ್ತಿಯಿಂದ ವ್ಯವಸ್ಥೆ ಕೊಟ್ಟ ಕ್ರಮವನ್ನೇ ಪಾಲಿಸುತ್ತದೆ. ಅಲ್ಲಿಯವರೆಗೆ ಸರಿಯಿದ್ದ ಎಷ್ಟೋ ಕೆಲಸಗಳು ಆಗ ನಿಂತವು. 20ನೇ ಆವೃತ್ತಿಯಿಂದ ಅದು ಎರಡೂ ಬಾಗಿಲು ಬಡಿದು ನೋಡುತ್ತದೆ. ಸೆಟ್ಟಿಂಗ್ ಕಡತದಲ್ಲಿ 127.0.0.1 ಎಂದೇ ಬರೆದರೆ ಇಂದಿಗೆ ಸಾಕು. ಸರಿಯಾದ ಪರಿಹಾರ ಸರ್ವರ್ ಎರಡರಲ್ಲಿಯೂ ಕೇಳುವಂತೆ ಮಾಡುವುದು.

ಪ್ರಶ್ನೆ: 2001:4860:4860::8888 ಎಂಬ ವಿಳಾಸದಲ್ಲಿ ಎರಡು ಚುಕ್ಕೆಗಳ ಗುರುತು ಜೋಡಿಯಾಗಿ ಬಂದಿದೆ. ಅಚ್ಚಿನ ತಪ್ಪೇ?
— ಓದುಗರು, ಯಲಹಂಕ

ಉತ್ತರ: ತಪ್ಪಲ್ಲ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್‌ನ ಈ ವಿಳಾಸ ಐಪಿ ಆರನೇ ಆವೃತ್ತಿಯದು, ಅದರಲ್ಲಿ ಎಂಟು ಗುಂಪುಗಳಿವೆ: 2001:4860:4860:0:0:0:0:8888. ನಡುವಿನ ಸೊನ್ನೆಗಳ ಸಾಲನ್ನು :: ಎಂದು ಮಡಿಸಿದ್ದಾರೆ. ಒಂದು ವಿಳಾಸದಲ್ಲಿ ಒಮ್ಮೆ ಮಾತ್ರ ಹೀಗೆ ಮಡಿಸಬಹುದು. ಎರಡು ಕಡೆ ಮಡಿಸಿದರೆ ಎಲ್ಲಿ ಎಷ್ಟು ಸೊನ್ನೆಗಳಿದ್ದವು ಎಂದು ಬಿಡಿಸಲು ಆಗುವುದಿಲ್ಲ.

ಪ್ರಶ್ನೆ: ನಿವೃತ್ತ ಕನ್ನಡ ಅಧ್ಯಾಪಕ ನಾನು. ಮನೆಯ ಪ್ರಿಂಟರಿಗೆ ‘ಪುಸ್ತಕಾಲಯ’ ಎಂದು ಕನ್ನಡದಲ್ಲಿಯೇ ಹೆಸರಿಡಬೇಕೆಂದಿದ್ದೇನೆ. ಮೊಮ್ಮಗ ಆಗುವುದಿಲ್ಲ ಎನ್ನುತ್ತಾನೆ.
— ಹಿರಿಯ ಓದುಗರು, ಬಸವನಗುಡಿ

ಉತ್ತರ: ಆಗುತ್ತದೆ ಸರ್. ಮೊಮ್ಮಗ ಹೇಳುತ್ತಿರುವುದು ಹಳೆಯ ನಿಯಮವನ್ನು. ಅಂಗಳದಲ್ಲಿ ಕೂಗುವ ಪದ್ಧತಿಯ ಬಗ್ಗೆ ಮೇಲೆ ಬರೆದಿದ್ದೇನಲ್ಲ, ಅದರ ಜೊತೆಯ ನಿಯಮದಲ್ಲಿ ಪ್ರಿಂಟರಿನಂಥ ಸೇವೆಗಳ ಹೆಸರನ್ನು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ನೇರವಾಗಿ ಬರೆಯಲು ಅವಕಾಶವಿದೆ. ಮಿತಿ 63 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಗುಣಿತದ ಚಿಹ್ನೆಗೂ ಒತ್ತಕ್ಷರ ಜೋಡಿಸುವ ವಿರಾಮದ ಗುರುತಿಗೂ ಪ್ರತ್ಯೇಕ ಲೆಕ್ಕ. ‘ಪುಸ್ತಕಾಲಯ’ವನ್ನು ಬಿಡಿಸಿದರೆ ಪ, ಉಕಾರ, ಸ, ವಿರಾಮ, ತ, ಕ, ಆಕಾರ, ಲ, ಯ: ಒಂಬತ್ತು ಸಂಕೇತಗಳು, 27 ಬೈಟ್. ಇನ್ನೂ 36 ಉಳಿಯುತ್ತದೆ, ‘ಬಸವನಗುಡಿ’ ಎಂದು ಹಿಂದೆ ಸೇರಿಸಿದರೂ ಹಿಡಿಸುತ್ತದೆ.

ಡಿಎನ್‌ಎಸ್‌ನಲ್ಲಿ ಮಾತ್ರ ಕನ್ನಡದ ಹೆಸರನ್ನು ಪ್ಯುನಿಕೋಡ್ ಎಂಬ ರೂಪಕ್ಕೆ ಬದಲಿಸಬೇಕು, ಅದು ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲಿ ಮುಗಿಯುವ ಜಾಲತಾಣದ ಹೆಸರುಗಳು ಇರುವುದು ಆ ದಾರಿಯಲ್ಲಿ. ಆದ್ದರಿಂದ ಪ್ರಿಂಟರಿನ ಸೆಟ್ಟಿಂಗ್ ಪುಟದಲ್ಲಿ ‘ಹೋಸ್ಟ್ ನೇಮ್’ ಎಂಬ ಜಾಗವನ್ನು ಇದ್ದಂತೆಯೇ ಬಿಡಿ. ಪಟ್ಟಿಯಲ್ಲಿ ಕಾಣಿಸುವ ಹೆಸರಿಗೆ ಬೇರೆ ಜಾಗವಿರುತ್ತದೆ, ಬೋಂಜೂರ್ ಅಥವಾ ಏರ್‌ಪ್ರಿಂಟ್ ವಿಭಾಗದಲ್ಲಿ ಹುಡುಕಿ. ಅಲ್ಲಿ ‘ಪುಸ್ತಕಾಲಯ’ ಎಂದು ಬರೆದು ಉಳಿಸಿ, ಪ್ರಿಂಟರನ್ನು ಒಮ್ಮೆ ಆರಿಸಿ ಹಚ್ಚಿ. ಆ ಪುಟ ಕನ್ನಡವನ್ನು ತೆಗೆದುಕೊಳ್ಳದಿದ್ದರೆ ತಡೆಯುತ್ತಿರುವುದು ಆ ಪ್ರಿಂಟರಿನ ತಯಾರಕರು, ಜಾಲದ ನಿಯಮವಲ್ಲ. ಅವರಿಗೊಂದು ಪತ್ರ ಬರೆಯಿರಿ. ಮಾದರಿಯ ಹೆಸರನ್ನು ನನಗೂ ತಿಳಿಸಿದರೆ ನಾನೂ ಬರೆಯುತ್ತೇನೆ.